ಹಳಿಯೊಂದು, ನುಡಿ ಹಲವು
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಯೂರೋಪಿನ ರೈಲು ಪ್ರಯಾಣದ ಮಾತೆತ್ತುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಹಬ್ಬ ಕನ್ನಡ ತಾಯಿಯದು, ಕಥೆ ಪರದೇಶದ್ದೇಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಸಮಿತಿಯವರು ನಮ್ಮ ಪ್ರವಾಸದ ವಿಚಾರ ಹೇಳಿರೆಂದು ಕೇಳಿದಾಗ ನಾವು ಒಪ್ಪಿಕೊಂಡದ್ದಕ್ಕೆ ಕಾರಣವುಂಟು. ಹಿಮದ ಬೆಟ್ಟಗಳನ್ನು ನೋಡಿಬಂದವರು ಈ ಸಭೆಯಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ನಾವು ಹೇಳಬೇಕೆಂದಿರುವುದು ಬೇರೆ. ಒಂದೇ ಗಾಡಿ ಒಂದು ನುಡಿಯ ಸೀಮೆಯಿಂದ ಇನ್ನೊಂದು ನುಡಿಯ ಸೀಮೆಗೆ ಹೇಗೆ ಹೋಗುತ್ತದೆ, ಹೋಗುವಾಗ ಯಾವ ನುಡಿಗೆ ಎಷ್ಟು ಮರ್ಯಾದೆ ಕೊಡುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡೆವು, ಕಿವಿಯಾರೆ ಕೇಳಿದೆವು. ಮುಂಬಯಿಯಲ್ಲಿ, ಮರಾಠಿಯ ಮಡಿಲಿನಲ್ಲಿ ಕುಳಿತು ಕನ್ನಡವನ್ನು ಉಳಿಸಿಕೊಳ್ಳಬೇಕೆನ್ನುವ ನಮಗೆ ಇದಕ್ಕಿಂತ ಹತ್ತಿರದ ವಿಷಯ ಯಾವುದಿದ್ದೀತು?

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮವರು ಹೇಳುತ್ತ ಬಂದಿದ್ದಾರೆ. ಈ ಎರಡನ್ನೂ ಒಂದೇ ರಟ್ಟಿನೊಳಗೆ ಕಟ್ಟಿಟ್ಟ ಪುಸ್ತಕವೊಂದು ಯೂರೋಪಿನಲ್ಲಿ ಉಂಟು. ಥಾಮಸ್ ಕುಕ್ ಸಂಸ್ಥೆಯವರು 1873ರಲ್ಲಿ ಆರಂಭಿಸಿದ ಇಡೀ ಖಂಡದ ರೈಲು ವೇಳಾಪಟ್ಟಿ ಅದು. 2013ರಲ್ಲಿ ಆ ಸಂಸ್ಥೆ ಅದನ್ನು ನಿಲ್ಲಿಸಿತು. ಅದನ್ನು ಸಿದ್ಧಪಡಿಸುತ್ತಿದ್ದವರೇ ಕೈಬಿಡಲಾರದೆ 2014ರಲ್ಲಿ ಸ್ವತಂತ್ರವಾಗಿ ಮತ್ತೆ ಹೊರತಂದರು. ನಾವು ಗಂಡಹೆಂಡಿರಿಬ್ಬರೂ ಹೊರಡುವುದಕ್ಕೆ ಮುಂಚೆ ಎರಡು ತಿಂಗಳ ಕಾಲ, ರಾತ್ರಿ ಊಟವಾದ ಮೇಲೆ, ಈ ವೇಳಾಪಟ್ಟಿಯನ್ನು ಪುರಾಣ ಓದಿದ ಹಾಗೆ ಓದಿದೆವು. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಪ್ರಯಾಣದ ಅರ್ಧ ಸುಖ ಅಲ್ಲಿಯೇ ಸಿಕ್ಕಿತೆಂದರೆ ಅತಿಶಯೋಕ್ತಿಯಲ್ಲ.

ಉಗಿಬಂಡಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1825ರ ಸೆಪ್ಟೆಂಬರ್ 27ರಂದು ಸ್ಟಾಕ್‌ಟನ್ ಮತ್ತು ಡಾರ್ಲಿಂಗ್ಟನ್ ಊರುಗಳ ನಡುವಿನ ಹಾದಿ ತೆರೆಯಿತು. 28 ವರ್ಷ ತುಂಬುವುದರೊಳಗೆ, 1853ರ ಏಪ್ರಿಲ್ 16ರಂದು, ನಮ್ಮ ಬೋರಿಬಂದರದಿಂದ ಠಾಣೆಗೆ 34 ಕಿಲೋಮೀಟರು ದೂರ ಗಾಡಿ ಓಡಿತು. ಆದ್ದರಿಂದ ರೈಲಿನ ವಿಷಯದಲ್ಲಿ ಮುಂಬಯಿಯವರು ಯಾರ ಮುಂದೆಯೂ ಸಂಕೋಚಪಡಬೇಕಾದ್ದಿಲ್ಲ. ಆದರೆ ಯೂರೋಪಿನಲ್ಲಿ ಒಂದು ತೊಡಕಿತ್ತು. ಇಲ್ಲಿ ಬಹುಮಟ್ಟಿಗೆ ಒಂದು ಸರ್ಕಾರದ ಆಶ್ರಯದಲ್ಲಿ ಕಂಪನಿಗಳು ಹಳಿ ಹಾಸಿದವು. ಅಲ್ಲಿ ಹತ್ತಾರು ರಾಜ್ಯಗಳು ತಮತಮಗೆ ತೋಚಿದಂತೆ ಹಾಸಿದವು. ಬಹುಭಾಗದಲ್ಲಿ ಹಳಿಗಳ ನಡುವಣ ಅಗಲ 1,435 ಮಿಲಿಮೀಟರಾದರೆ, ಸ್ಪೇನಿನ ಹಳೆಯ ಹಾದಿಗಳಲ್ಲಿ 1,668. ವಿದ್ಯುಚ್ಛಕ್ತಿಯೂ ಹಾಗೆಯೇ. ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡುಗಳದ್ದು ಒಂದು ಬಗೆ, ಇಟಲಿ ಬೆಲ್ಜಿಯಮ್ಮುಗಳದ್ದು ಮತ್ತೊಂದು, ಹಾಲೆಂಡಿನದು ಮಗುದೊಂದು. ಗಡಿ ದಾಟುವ ಎಂಜಿನ್ನು ಎರಡು ಮೂರು ಬಗೆಯ ಶಕ್ತಿಯನ್ನು ಅರಗಿಸಿಕೊಳ್ಳಬಲ್ಲುದಾಗಿರಬೇಕು. ನಾಲ್ಕು ಭಾಷೆ ಬಲ್ಲ ಮುಂಬಯಿಯ ಕನ್ನಡಿಗನ ಹಾಗೆ.

ಹೋಗಬೇಕೆನ್ನುವವರ ಉಪಯೋಗಕ್ಕಾಗಿ ವ್ಯವಹಾರದ ಮಾತು ನಾಲ್ಕು ಹೇಳುತ್ತೇವೆ. ಯೂರೋಪಿನ ಹೊರಗಿನವರಿಗಾಗಿ 1959ರಲ್ಲಿ ಯುರೇಲ್ ಪಾಸು ಆರಂಭವಾಯಿತು. ಈಗ ಅದು 33 ದೇಶಗಳಲ್ಲಿ ನಡೆಯುತ್ತದೆ. ತಿಂಗಳು ಎರಡು ತಿಂಗಳಲ್ಲಿ ಇಂತಿಷ್ಟು ದಿನವೆಂದು ಆರಿಸಿ ಕೊಳ್ಳಬಹುದು. ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡುಗಳಲ್ಲಿ ಸಾಮಾನ್ಯವಾಗಿ ಪಾಸು ಹಿಡಿದು ಹತ್ತಿದರೆ ಸಾಕು. ಫ್ರಾನ್ಸು, ಇಟಲಿ, ಸ್ಪೇನುಗಳ ವೇಗದ ಗಾಡಿಗಳಿಗೆ ಬೇರೆ ಹಣ ಕೊಟ್ಟು ಸ್ಥಳ ಕಾದಿರಿಸಬೇಕು. ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯಲ್ಲಿ 1985ರಲ್ಲಿ ಆದ ಒಪ್ಪಂದದ ಫಲವಾಗಿ ಇಂದು 29 ದೇಶಗಳಿಗೆ ಒಂದೇ ವೀಸಾ. ಇನ್ನು ಸಾಮಾನಿನ ವಿಷಯ. ನಿಲ್ದಾಣದಲ್ಲಿ ಕೆಂಪಂಗಿಯ ಕೂಲಿಯವನು ಓಡಿ ಬರುತ್ತಾನೆಂದು ನೆಚ್ಚಿಕೊಳ್ಳಬೇಡಿ. ಗಾಡಿ ಎಷ್ಟೋ ಕಡೆ ಎರಡೇ ನಿಮಿಷ ನಿಲ್ಲುತ್ತದೆ. ತಾನು ಹೊತ್ತು ಮೆಟ್ಟಲು ಹತ್ತಲಾರದಷ್ಟು ಭಾರವನ್ನು ಯಾರೂ ಒಯ್ಯಬಾರದು. ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಮಾತ್ರ ಭಾರವೆನಿಸುವುದಿಲ್ಲ.

ನಮ್ಮ ಮೊದಲ ಪಾಠ ಬೆಲ್ಜಿಯಮ್ಮಿನಲ್ಲಾಯಿತು. ಸಮುದ್ರತೀರದ ಓಸ್ಟೆಂಡಿನಿಂದ ಜರ್ಮನಿಯ ಗಡಿಯಂಚಿನ ಓಯ್ಪೆನ್ ಎಂಬ ಊರಿಗೆ ಒಂದು ಗಾಡಿ ಹೋಗುತ್ತದೆ. ಮೂರು ಗಂಟೆಗೆ ಮಿಕ್ಕಿದ ಪ್ರಯಾಣ. ಹೊರಟಾಗ ಗಾಡಿ ಡಚ್ ಮಾತನಾಡುತ್ತದೆ. ಬ್ರಸೆಲ್ಸ್ ನಗರಕ್ಕೆ ಬಂದೊಡನೆ ಫ್ರೆಂಚ್, ಡಚ್ ಎರಡನ್ನೂ ಆಡುತ್ತದೆ. ಲುವೆನ್ನಿನ ಕಡೆ ಮತ್ತೆ ಬರಿಯ ಡಚ್. ಲಿಯೇಜಿನ ಸೀಮೆಯಲ್ಲಿ ಫ್ರೆಂಚ್. ಕೊನೆಗೆ ಓಯ್ಪೆನ್ನಿನಲ್ಲಿ ಜರ್ಮನ್. ಒಂದೇ ಊರನ್ನು ಫ್ರೆಂಚಿನಲ್ಲಿ ಲಿಯೇಜ್ ಎನ್ನುತ್ತಾರೆ, ಡಚ್ಚಿನಲ್ಲಿ ಲಾಯ್ಕ್, ಜರ್ಮನಿನಲ್ಲಿ ಲ್ಯೂಟಿಶ್. ಹೆಸರು ಗೊತ್ತಿಲ್ಲದ ಪರದೇಶಿಗೆ ಮೂರು ಬೇರೆ ಊರುಗಳೆಂದೇ ತೋರುತ್ತದೆ. ಇದೆಲ್ಲ ನಗುನಗುತ್ತ ನಡೆದು ಬಂದ ಏರ್ಪಾಡಲ್ಲ. ಬಹುಕಾಲದ ಜಗಳದ ಬಳಿಕ 1962-63ರಲ್ಲಿ ಅಲ್ಲಿ ಭಾಷೆಯ ಗಡಿಯನ್ನು ಕಾನೂನಿನಿಂದ ಎಳೆದರು. ಜಗಳ ಇನ್ನೂ ಪೂರ್ತಿ ಆರಿಲ್ಲ. 2024ರಲ್ಲಿ ಡಚ್ ಸೀಮೆಯಲ್ಲಿ ಓಡುತ್ತಿದ್ದ ಗಾಡಿಯಲ್ಲಿ ಗಾರ್ಡು ಫ್ರೆಂಚಿನಲ್ಲೂ ನಮಸ್ಕಾರ ಹೇಳಿದನೆಂದು ಒಬ್ಬ ಪ್ರಯಾಣಿಕ ದೂರು ಕೊಟ್ಟು, ಅದು ದೇಶಕ್ಕೆಲ್ಲ ಚರ್ಚೆಯ ವಿಷಯವಾಯಿತು. ಒಂದು ನಮಸ್ಕಾರಕ್ಕೆ ಇಷ್ಟು ರಾದ್ಧಾಂತವೇ ಎಂದು ನಮಗೆ ನಗು ಬಂತು. ಆಮೇಲೆ ನಮ್ಮ ನಾಡಿನ ಗಡಿಯೂರುಗಳ ಅಂಗಡಿ ಬೋರ್ಡುಗಳ ಕಥೆ ನೆನಪಿಗೆ ಬಂದು ನಗು ಅಲ್ಲಿಗೇ ನಿಂತಿತು.

ಅಲ್ಲಿಂದ ಹಿಂದಿರುಗಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿಗೆ ಹೋದೆವು. ಅದು ಆಲ್ಸೇಸ್ ಪ್ರಾಂತ್ಯದ ಮುಖ್ಯ ಪಟ್ಟಣ. ಫ್ರಾನ್ಸಿನಲ್ಲಿ ರೈಲುಗಳು ಎಡಹಳಿಯ ಮೇಲೆ ಓಡುತ್ತವೆ; ಆಲ್ಸೇಸಿನಲ್ಲಿಯಾದರೆ ಬಲಹಳಿಯ ಮೇಲೆ. 1871ರಿಂದ 1918ರವರೆಗೆ ಆ ಸೀಮೆ ಜರ್ಮನಿಯ ವಶದಲ್ಲಿತ್ತು, ಜರ್ಮನರದು ಬಲಗಡೆಯ ಓಟ. ಫ್ರಾನ್ಸಿಗೆ ಮರಳಿದ ಮೇಲೆ ಅದನ್ನು ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಹಳೆಯ ಗಡಿಯ ಬಳಿ ಸೇತುವೆ ಕಟ್ಟಿ ಒಂದು ಹಳಿಯನ್ನು ಇನ್ನೊಂದರ ಮೇಲೆ ಹಾಯಿಸಿ ಎಡಬಲ ಬದಲಾಯಿಸುತ್ತಾರೆ. ಕುಳಿತವರಿಗೆ ತಿಳಿಯುವುದೇ ಇಲ್ಲ. 1940ರಲ್ಲಿ ಜರ್ಮನರು ಮತ್ತೆ ಬಂದರು, 1944ರಲ್ಲಿ ಹೋದರು. ಎಪ್ಪತ್ತೈದು ವರ್ಷಗಳೊಳಗೆ ಆ ಪಟ್ಟಣ ನಾಲ್ಕು ಬಾರಿ ಒಡೆಯರನ್ನು ಬದಲಿಸಿತು. ಅಲ್ಲಿಯ ಜನರ ಮನೆಮಾತು ಆಲ್ಸೇಷಿಯನ್, ಜರ್ಮನ್ ಕುಲದ್ದು. ಎರಡನೆಯ ಮಹಾಯುದ್ಧದ ತರುವಾಯ ಶಾಲೆಗಳಲ್ಲಿ ಅದಕ್ಕೆ ಎಡೆ ತಪ್ಪಿತು. ಶತ್ರುವಿನ ಮಾತೆಂಬ ಕಳಂಕವೂ ಅಂಟಿತು. ತಾಯಿತಂದೆಯರು ಮಕ್ಕಳೊಡನೆ ಫ್ರೆಂಚನ್ನೇ ಆಡತೊಡಗಿದರು. ಇಂದು ಅದು ಹೆಚ್ಚಾಗಿ ವಯಸ್ಸಾದವರ ಬಾಯಲ್ಲಿ ಉಳಿದಿದೆ. ಈಚೆಗೆ ಎರಡು ಭಾಷೆಯ ಶಾಲೆಗಳನ್ನು ತೆರೆದು ಉಳಿಸಿಕೊಳ್ಳುವ ಪ್ರಯತ್ನ ನಡೆದಿದೆ. ರೈಲು ಇನ್ನೂ ಬಲಗಡೆಯೇ ಓಡುತ್ತಿದೆ; ಅಜ್ಜಿಯ ಮಾತು ಮಾತ್ರ ಮೊಮ್ಮಗನವರೆಗೆ ಬರಲಿಲ್ಲ. ಕಬ್ಬಿಣ ನೆನಪಿಟ್ಟುಕೊಂಡದ್ದನ್ನು ಮನೆ ಮರೆಯಿತು. ನಮ್ಮ ಮನಸ್ಸಿಗೆ ಬಹಳ ನಾಟಿದ ಸಂಗತಿ ಇದು.

ಸ್ಟ್ರಾಸ್‌ಬರ್ಗಿನಿಂದ ಒಂದೂಕಾಲು ಗಂಟೆಯ ಚಿಲ್ಲರೆ ಪ್ರಯಾಣಕ್ಕೆ ಬಾಸೆಲ್. ಅಲ್ಲಿಂದ ಸ್ವಿಟ್ಜರ್ಲೆಂಡು. ಅಲ್ಲಿಯ ರೈಲಿನ ವಕ್ತಪಾಲನೆಯನ್ನು ಎಲ್ಲರೂ ಹೊಗಳುತ್ತಾರೆ, ಗುಟ್ಟನ್ನು ಹೇಳುವವರು ಕಡಮೆ. 1982ರಲ್ಲಿ ಅವರು ಇಡೀ ದೇಶಕ್ಕೆ ಗಂಟೆಗೊಂದು ಗಾಡಿಯ ಪದ್ಧತಿ ತಂದರು. 8 ಗಂಟೆ 2 ನಿಮಿಷಕ್ಕೆ ಹೊರಡುವ ಗಾಡಿ 9 ಗಂಟೆ 2 ನಿಮಿಷಕ್ಕೂ 10 ಗಂಟೆ 2 ನಿಮಿಷಕ್ಕೂ ಹೊರಡುತ್ತದೆ. 1987ರಲ್ಲಿ ಜನರ ಮತ ಪಡೆದು ಇನ್ನೊಂದು ಹೆಜ್ಜೆ ಇಟ್ಟರು. ಮುಖ್ಯ ಜಂಕ್ಷನ್ನುಗಳಿಗೆ ಎಲ್ಲ ದಿಕ್ಕಿನ ಗಾಡಿಗಳೂ ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮೊದಲು ಬಂದು ಸೇರಬೇಕು, ಹೊಡೆದ ಸ್ವಲ್ಪ ಹೊತ್ತಿಗೆ ಹೊರಡಬೇಕು. ಹೀಗಾದರೆ ಇಳಿದವನು ಎತ್ತ ಬೇಕಾದರೂ ಹೋಗಬಹುದು. ಇದಕ್ಕಾಗಿ ಬೆರ್ನ್, ಜೂರಿಕ್ ನಗರಗಳ ನಡುವಣ ಕಾಲ ಒಂದು ಗಂಟೆಯೊಳಗೆ ಬರಬೇಕಾಗಿತ್ತು. ಅಷ್ಟಕ್ಕೆ ಬೇಕಾದಷ್ಟೇ ಹೊಸ ಹಾದಿ ಹಾಕಿ 2004ರಲ್ಲಿ ಅದನ್ನು ಸಾಧಿಸಿದರು. ಮೊದಲು ವೇಳಾಪಟ್ಟಿ ಬರೆದು, ಆಮೇಲೆ ಹಳಿ ಹಾಕಿದ ಜನ. ಓಡುವುದಕ್ಕಿಂತ ಸೇರುವುದು ದೊಡ್ಡದೆಂದು ಅವರು ಕಂಡುಕೊಂಡರು. ನಿಲ್ದಾಣದ ಗಡಿಯಾರವೂ ಅದೇ ನೀತಿಯದು. ಹಾನ್ಸ್ ಹಿಲ್‌ಫಿಕರ್ ಎಂಬ ಎಂಜಿನಿಯರು 1944ರಲ್ಲಿ ರೂಪಿಸಿದ ಆ ಗಡಿಯಾರದಲ್ಲಿ ಕೆಂಪು ಸೆಕೆಂಡು ಮುಳ್ಳು ಹನ್ನೆರಡರ ಮೇಲೆ ಒಂದೂವರೆ ಸೆಕೆಂಡು ನಿಂತು, ಎಲ್ಲ ಗಡಿಯಾರಗಳಿಗೂ ಒಟ್ಟಿಗೆ ಬರುವ ಸೂಚನೆಗೆ ಕಾದು ಮುಂದಕ್ಕೆ ಹೋಗುತ್ತದೆ.

ಸ್ವಿಸ್ ದಕ್ಷಿಣಕ್ಕೆ ಹೋಗಬೇಕಾದರೆ ಗಾಟ್‌ಹಾರ್ಡ್ ಪರ್ವತವನ್ನು ಹಾಯಬೇಕು. 15 ಕಿಲೋಮೀಟರಿನ ಹಳೆಯ ಸುರಂಗ 1882ರಲ್ಲಿ ತೆರೆಯಿತು. ಅದನ್ನು ಕೊರೆಯಲು ಗುತ್ತಿಗೆ ಹಿಡಿದ ಲೂಯಿ ಫಾವ್ರ್ 1879ರಲ್ಲಿ ಆ ಸುರಂಗದೊಳಗೇ ಪ್ರಾಣಬಿಟ್ಟರು. ಕೆಲಸಗಾರರು ನೂರಾರು ಮಂದಿ ಬಲಿಯಾದರು. 57 ಕಿಲೋಮೀಟರಿನ ಹೊಸ ಸುರಂಗ 2016ರಲ್ಲಿ ತೆರೆಯಿತು. ಒಳಗೆ ಹೋಗುವಾಗ ಜರ್ಮನ್ ಸೀಮೆ. ಸುಮಾರು ಇಪ್ಪತ್ತು ನಿಮಿಷ ಕತ್ತಲೆ. ಹೊರಗೆ ಬಂದರೆ ಇಟಾಲಿಯನ್ ಸೀಮೆ. ಮನೆಯ ಹೆಂಚು, ಅಂಗಡಿಯ ಬೋರ್ಡು, ಗಾಡಿಯೊಳಗಿನ ಪ್ರಕಟನೆ, ಎಲ್ಲವೂ ಬದಲು. ದೇಶ ಮಾತ್ರ ಅದೇ.

ಪಾಸು ಕೈಯಲ್ಲಿದ್ದುದರಿಂದ ಜೂರಿಕ್ಕಿಗೆ ಹಿಂದಿರುಗಿ, ಕೂರ್ ಎಂಬ ಊರಿನಿಂದ ಬೆರ್ನೀನಾ ಹಾದಿಯನ್ನು ಹಿಡಿದೆವು. ಆ ಪುಟ್ಟ ಕೆಂಪು ಗಾಡಿಯ ಮೈಮೇಲೆ ಕಂಪನಿಯ ಹೆಸರು ಜರ್ಮನ್, ಇಟಾಲಿಯನ್, ರೊಮಾನ್ಶ್ ಮೂರು ಭಾಷೆಗಳಲ್ಲಿ ಉಂಟು. 65 ಮೀಟರು ಎತ್ತರದ ಲಾಂಡ್‌ವಾಸರ್ ಸೇತುವೆಯ ಮೇಲೆ ಬಾಗಿ ನೇರವಾಗಿ ಬಂಡೆಯೊಳಗೆ ನುಗ್ಗುತ್ತದೆ. ಬೆರ್ನೀನಾ ಕಣಿವೆಯಲ್ಲಿ ನೂರು ಮೀಟರಿಗೆ ಏಳು ಮೀಟರಿನ ಏರು. ಹಲ್ಲುಚಕ್ರದ ಸಹಾಯವಿಲ್ಲದೆ 2,253 ಮೀಟರು ಎತ್ತರಕ್ಕೆ ಹತ್ತುತ್ತದೆ. ಮೇಲೆ ಎರಡು ಕೆರೆಗಳು ಅಕ್ಕಪಕ್ಕದಲ್ಲಿವೆ. ಒಂದರ ಹೆಸರು ಲೇ ನಾಯ್ರ್, ರೊಮಾನ್ಶಿನಲ್ಲಿ ಕರಿಕೆರೆ. ಇನ್ನೊಂದು ಲಾಗೊ ಬಿಯಾಂಕೊ, ಇಟಾಲಿಯನ್ನಿನಲ್ಲಿ ಬಿಳಿಕೆರೆ. ಕರಿಕೆರೆಯ ನೀರು ಡಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ; ಬಿಳಿಕೆರೆಯ ನೀರು ಪೋ ನದಿಯ ಮೂಲಕ ಏಡ್ರಿಯಾಟಿಕ್ಕಿಗೆ. ನೀರು ಬೇರೆಯಾಗುವ ಕಡೆಯಲ್ಲೇ ನುಡಿಯೂ ಬೇರೆಯಾಗುತ್ತದೆ. ಆದರೂ ಎರಡು ಕೆರೆಗಳ ದಡದಲ್ಲಿ ಓಡುವ ಗಾಡಿ ಒಂದೇ.

ಈ ರೊಮಾನ್ಶನ್ನು ಮುಖ್ಯ ಭಾಷೆಯೆಂದು ಹೇಳಿಕೊಳ್ಳುವವರು ಸುಮಾರು 40 ಸಾವಿರ ಮಂದಿ. ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ. ಕಣಿವೆಗೊಂದರಂತೆ ಐದು ಬರಹರೂಪಗಳು ಬೇರೆ. 1938ರಲ್ಲಿ ಸ್ವಿಸ್ ಜನತೆ ಮತ ಹಾಕಿ ಅದನ್ನು ನಾಲ್ಕನೆಯ ರಾಷ್ಟ್ರಭಾಷೆಯೆಂದು ಒಪ್ಪಿದರು. ಒಪ್ಪಿದವರಲ್ಲಿ ಬಹುಮಂದಿಗೆ ಆ ಭಾಷೆಯ ಒಂದು ಮಾತೂ ಬರುತ್ತಿರಲಿಲ್ಲ. ಅಷ್ಟಾದರೂ ಅದರ ಬಾಳು ಸುಗಮವೆಂದು ನಾವು ಹೇಳಲಾರೆವು. ಮಕ್ಕಳು ಓದಿಗೆ, ಕೆಲಸಕ್ಕೆ ಪಟ್ಟಣ ಸೇರಿ ಜರ್ಮನ್ನಿಗೆ ತಿರುಗುತ್ತಾರೆ. ಆದರೆ ನಿಲ್ದಾಣದ ಹಲಗೆಯ ಮೇಲೆ, ಶಾಲೆಯಲ್ಲಿ, ಬಾನುಲಿಯಲ್ಲಿ ಅದು ಇದೆ. ನಮ್ಮ ಎದುರು ಕುಳಿತಿದ್ದ ಅಜ್ಜಿಯೊಬ್ಬರು ಮೊಮ್ಮಗಳಿಗೆ ಕಿಟಕಿಯಾಚೆ ಕಂಡದ್ದನ್ನೆಲ್ಲ ಒಂದೊಂದಾಗಿ ಹೆಸರಿಸಿ ಹೇಳಿಸುತ್ತಿದ್ದರು. ಮಗು ಜರ್ಮನಿನಲ್ಲಿ ಹೇಳಿದರೆ ಅಜ್ಜಿ ಬೈಯಲಿಲ್ಲ; ತಮ್ಮ ಮಾತಿನಲ್ಲಿ ಇನ್ನೊಮ್ಮೆ ಹೇಳಿದರು, ಅಷ್ಟೆ.

ಇಳಿಯುತ್ತ ಇಳಿಯುತ್ತ ಇಟಲಿಯ ತಿರಾನೊ ಸೇರಿ, ಅಲ್ಲಿಂದ ಮಿಲಾನಿಗೆ ಬಂದೆವು. ರೈಲಿನ ಹಿರಿಮೆಯನ್ನೇ ಹೇಳುತ್ತ ಹೋದರೆ ಸತ್ಯಕ್ಕೆ ಅಪಚಾರವಾದೀತು. ಮಿಲಾನಿನ ದೊಡ್ಡ ನಿಲ್ದಾಣದ ಕೆಳಗೆ, ಹಿಂದೆ ಅಂಚೆಯ ಮೂಟೆಗಳನ್ನು ತುಂಬುತ್ತಿದ್ದ ಜಾಗದಲ್ಲಿ, ಒಂದು ಸ್ಮಾರಕವಿದೆ. 1943ರ ಕೊನೆಯಿಂದ 1945ರ ಆರಂಭದವರೆಗೆ ಅಲ್ಲಿ ಯೆಹೂದ್ಯರನ್ನೂ ರಾಜಕೀಯ ಬಂದಿಗಳನ್ನೂ ಸಾಮಾನಿನ ಡಬ್ಬಿಗಳಿಗೆ ತುಂಬಿ, ಲಿಫ್ಟಿನಿಂದ ಮೇಲಿನ ಹಳಿಗೆ ಎತ್ತಿ, ಆಶ್ವಿತ್ಸ್ ಮೊದಲಾದ ಕೊಲೆಯ ಶಿಬಿರಗಳಿಗೆ ಅಟ್ಟಿದರು. 1944ರ ಜನವರಿ 30ರ ಗಾಡಿಯಲ್ಲಿ ಆರುನೂರಕ್ಕೂ ಹೆಚ್ಚು ಜನ. ಮರಳಿ ಬಂದ ಕೆಲವೇ ಮಂದಿಯಲ್ಲಿ ಹದಿಮೂರು ವರ್ಷದ ಹುಡುಗಿ ಲಿಲಿಯಾನಾ ಸೇಗ್ರೆ ಒಬ್ಬರು. 2018ರಲ್ಲಿ ಇಟಲಿ ಅವರನ್ನು ಆಜೀವ ಸೆನೆಟ್ ಸದಸ್ಯೆಯನ್ನಾಗಿ ಮಾಡಿತು. ಸ್ಮಾರಕದ ಬಾಗಿಲಲ್ಲಿ ದೊಡ್ಡ ಗೋಡೆಯ ಮೇಲೆ ಒಂದೇ ಪದ ಕೆತ್ತಿದೆ: ಉದಾಸೀನ. ಅಂದು ಮೇಲೆ ಪ್ಲಾಟ್‌ಫಾರಮ್ಮಿನಲ್ಲಿ ಜನ ತಮ್ಮ ತಮ್ಮ ಗಾಡಿ ಹಿಡಿಯುತ್ತಿದ್ದರು. ವೇಳಾಪಟ್ಟಿ ಎಷ್ಟೇ ನಿಖರವಾಗಿರಲಿ, ಅದನ್ನು ನಡೆಸುವವರ ಹೃದಯ ಸರಿಯಿಲ್ಲದಿದ್ದರೆ ಏನಾದೀತೆಂಬುದನ್ನು ನೋಡಿ ನಾವು ಮಾತಿಲ್ಲದೆ ಹೊರಬಂದೆವು.

ಕೊನೆಯದಾಗಿ ಗೊರಿಜಿಯಾ. ಇಟಲಿಯ ಪೂರ್ವದ ಅಂಚು. ಒಂದನೆಯ ಮಹಾಯುದ್ಧದಲ್ಲಿ ಆ ಊರಿನ ಪಕ್ಕದ ನದಿಯ ದಂಡೆಯಲ್ಲಿ ಹನ್ನೆರಡು ಕದನಗಳು ನಡೆದವು. ಹತ್ತಿರದ ಸೋಲ್ಕಾನಿನಲ್ಲಿ 85 ಮೀಟರು ಅಗಲದ ಒಂದೇ ಕಲ್ಲಿನ ಕಮಾನಿನ ರೈಲು ಸೇತುವೆಯಿತ್ತು. 1916ರಲ್ಲಿ ಅದನ್ನು ಸಿಡಿಸಿದರು, 1927ರ ಹೊತ್ತಿಗೆ ಮತ್ತೆ ಕಲ್ಲಿನಲ್ಲೇ ಕಟ್ಟಿದರು. 1947ರಲ್ಲಿ ಗಡಿ ಎಳೆದಾಗ ಊರು ಇಟಲಿಗೆ, 1906ರ ಹಳೆಯ ರೈಲು ನಿಲ್ದಾಣ ಯುಗೋಸ್ಲಾವಿಯಕ್ಕೆ. ನಿಲ್ದಾಣದ ಮುಂದಿನ ಚೌಕದ ನಡುವೆಯೇ ಬೇಲಿ ಬಂತು. ಆಚೆ ಸ್ಲೊವೀನರು ನೋವಾ ಗೊರಿತ್ಸಾ ಎಂಬ ಹೊಸ ಊರನ್ನೇ ಕಟ್ಟಿಕೊಂಡರು. 2004ರಲ್ಲಿ ಸ್ಲೊವೇನಿಯ ಐರೋಪ್ಯ ಒಕ್ಕೂಟ ಸೇರಿದಾಗ ಚೌಕದ ಬೇಲಿ ಕಿತ್ತರು. 2007ರ ಕೊನೆಗೆ ಗಡಿ ತಪಾಸಣೆಯೂ ಹೋಯಿತು. 2023ರ ಅಕ್ಟೋಬರಿನಲ್ಲಿ ಇಟಲಿ ಈ ಗಡಿಯಲ್ಲಿ ತಾತ್ಕಾಲಿಕ ತಪಾಸಣೆಯನ್ನು ಮತ್ತೆ ತಂದಿತೆಂಬುದನ್ನೂ ಹೇಳಬೇಕು. ಕಿತ್ತ ಬೇಲಿ ಕಿತ್ತೇ ಇರುತ್ತದೆಂದು ಯಾರೂ ನಿಶ್ಚಿಂತರಾಗಿರುವಂತಿಲ್ಲ. ಆದರೂ 2025ರಲ್ಲಿ ಎರಡು ಊರುಗಳೂ ಒಟ್ಟಾಗಿ ಯೂರೋಪಿನ ಸಾಂಸ್ಕೃತಿಕ ರಾಜಧಾನಿಯ ಪಟ್ಟವನ್ನು ಹೊತ್ತವು. ಫ್ಯಾಸಿಸ್ಟರು ಮುಚ್ಚಿಸಿದ್ದ ಸ್ಲೊವೀನ್ ಶಾಲೆಗಳು ಇಂದು ಇಟಲಿಯ ಗೊರಿಜಿಯಾದಲ್ಲಿ ನಡೆಯುತ್ತಿವೆ. ಆ ಚೌಕದಲ್ಲಿ ನಾವು ಒಂದು ಕಾಲು ಇಟಲಿಯಲ್ಲಿ, ಒಂದು ಕಾಲು ಸ್ಲೊವೇನಿಯದಲ್ಲಿ ಇಟ್ಟು ನಿಂತೆವು. ಹೊರನಾಡ ಕನ್ನಡಿಗರಿಗೆ ಆ ಭಂಗಿ ಹೊಸದೇನಲ್ಲ.

ಮಹನೀಯರೆ, ಇದರಿಂದ ನಾವು ಕಲಿಯುವುದೇನು? ಯೂರೋಪು ನಮಗೆ ಗುರುವೆಂದು ನಾವು ಹೇಳುತ್ತಿಲ್ಲ. ಮುಂಬಯಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸು ಹತ್ತಿರಿ. ಸೊಲ್ಲಾಪುರ ದಾಟಿ ಕೆಲವು ನಿಲ್ದಾಣವಾದ ಮೇಲೆ ಹಳದಿ ಹಲಗೆಯ ಮೇಲೆ ಮರಾಠಿ ಹೋಗಿ ಕನ್ನಡ ಬರುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರು ಕಳೆದು ಮಂತ್ರಾಲಯ ರೋಡಿಗೆ ತೆಲುಗು. ಯಾರೂ ಪಾಸ್‌ಪೋರ್ಟು ಕೇಳುವುದಿಲ್ಲ. ಯೂರೋಪಿಗೆ ಎರಡು ಮಹಾಯುದ್ಧಗಳ ಬಳಿಕ ದೊರೆತ ಈ ಭಾಗ್ಯ ನಮಗೆ ಮೊದಲೇ ದೊರೆತಿದೆ. 1956ರ ನವೆಂಬರ್ 1ರಂದು ನಾಡು ಒಂದಾಯಿತು. 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂತು. 2011ರ ಜನಗಣತಿಯಂತೆ ಕನ್ನಡ ತಾಯ್ನುಡಿಯವರು 4 ಕೋಟಿ 37 ಲಕ್ಷ. ಹಲಗೆ ಇದೆ, ನಾಡು ಇದೆ, ಜನ ಇದ್ದಾರೆ. ಉಳಿದದ್ದು ಒಂದೇ ಪ್ರಶ್ನೆ. ರಜೆಗೆ ಊರಿಗೆ ಹೋಗುವಾಗ ಆ ಹಳದಿ ಹಲಗೆಯ ಮೇಲಿನ ಕನ್ನಡವನ್ನು ನಮ್ಮ ಮಕ್ಕಳು ಓದಬಲ್ಲರೆ?

ಈ ನಗರದಲ್ಲಿ ಹಿಂದಿನವರು ಹಗಲೆಲ್ಲ ದುಡಿದು ರಾತ್ರಿ ಶಾಲೆಗಳಲ್ಲಿ ಕನ್ನಡ ಕಲಿತರು, ಕಲಿಸಿದರು. ನಗರಪಾಲಿಕೆಯ ಕನ್ನಡ ಶಾಲೆಗಳು ಇಂದಿಗೂ ಇವೆ, ಮಕ್ಕಳು ಕಡಮೆಯಾಗುತ್ತಿದ್ದಾರೆ. ಆಲ್ಸೇಸಿನ ತಾಯಿತಂದೆಯರನ್ನು ಯಾರೂ ದೂರುವಂತಿಲ್ಲ. ಮಕ್ಕಳ ಏಳಿಗೆಯೆಂದೇ ಅವರು ಮಾತು ಬದಲಿಸಿದರು. ಒಂದು ತಲೆಮಾರಿನ ಮೌನ ಸಾಕಾಯಿತು, ಮತ್ತೆ ಪಡೆಯುವುದಕ್ಕೆ ಎಷ್ಟು ತಲೆಮಾರು ಬೇಕೋ. ಆದ್ದರಿಂದ ನಮ್ಮ ಪ್ರಾರ್ಥನೆ ಎರಡೇ. ನಮ್ಮನ್ನು ಸಾಕಿದ ಈ ನೆಲದ ಮರಾಠಿಯನ್ನು ಚೆನ್ನಾಗಿ, ಅಕ್ಕರೆಯಿಂದ ಕಲಿಯೋಣ. ಆ ಸೀಮೆಯಲ್ಲಿ ಗಾಡಿ ಆ ಮಾತನ್ನು ಆಡಲೇಬೇಕು. ಮನೆಯೊಳಗೆ, ಮಕ್ಕಳ ಎದುರಿಗೆ, ಕನ್ನಡವನ್ನು ಇನ್ನೊಮ್ಮೆ ಹೇಳೋಣ, ಬೈಯದೆ, ಬೇಸರಪಡದೆ. ಸಂಘದ ಭಾನುವಾರದ ಕನ್ನಡ ತರಗತಿಗೆ ಬರುವ ತಿಂಗಳಿನಿಂದ ನಾವಿಬ್ಬರೂ ಪಾಠ ಹೇಳಲು ಸಿದ್ಧರಿದ್ದೇವೆ. ಮಕ್ಕಳನ್ನು ಕಳಿಸುವ ಭಾರ ತಮ್ಮದು.